ಒಂದೇ ಗೋಡೆಗೆ ಇಬ್ಬರು ಮೇಸ್ತ್ರಿಗಳು

1979ರ ಬೇಸಿಗೆಯಲ್ಲಿ ನಾನು ಸುಣ್ಣಬಣ್ಣ ಮತ್ತು ಸಣ್ಣಪುಟ್ಟ ರಿಪೇರಿ ಕೆಲಸಗಳ ಕಂಟ್ರಾಕ್ಟರ್ ಆಗಿದ್ದೆ. ಕಂಟ್ರಾಕ್ಟರ್ ಎಂದರೆ ದೊಡ್ಡ ಮಾತೇನೂ ಬೇಡ. ಎನ್.ಆರ್. ಕಾಲೋನಿಯಲ್ಲಿ ಒಂದು ಬಾಡಿಗೆ ಕೋಣೆ, ಎರಡು ಬಿದಿರಿನ ಏಣಿ, ಒಂದು ಸೈಕಲ್ಲು, ಇಷ್ಟೇ ನನ್ನ ಕಂಪನಿ. ಅದಕ್ಕೂ ಮೊದಲು ಒಂಬತ್ತು ವರ್ಷ ಹಾರ್ಡ್‌ವೇರ್ ಅಂಗಡಿಯೊಂದರ ಗಲ್ಲೆಯ ಪಕ್ಕ ನಿಂತು ಮೊಳೆ ತೂಗಿದವನು ನಾನು. ಓದಿದ್ದು ಎಂಟನೇ ಕ್ಲಾಸು. ಆದರೆ ಆ ಅಂಗಡಿಯಲ್ಲಿ ಒಂದು ವಿದ್ಯೆಯನ್ನು ಚೆನ್ನಾಗಿ ಕಲಿತಿದ್ದೆ: ಚೌಕಾಸಿ. ಕೊಳ್ಳುವವನು ಯಾವಾಗ ಬಾಗಿಲ ಕಡೆ ತಿರುಗುತ್ತಾನೆ, ತಿರುಗಿದವನು ನಿಜವಾಗಿ ಹೋಗುತ್ತಾನೋ ಇಲ್ಲವೋ ಎಂಬುದನ್ನು ಅವನ ಚಪ್ಪಲಿಯ ಸದ್ದಿನಲ್ಲೇ ಹೇಳಬಲ್ಲವನಾಗಿದ್ದೆ. ಆ ವಿದ್ಯೆ ನನ್ನನ್ನು ಸಾಕಿತು. ಒಂದು ಸಲ ಮಾತ್ರ ಅದೇ ವಿದ್ಯೆ ಒಂದು ಶಾಲೆಯ ಬಾಗಿಲು ಮುಚ್ಚಿಸಲು ಹೊರಟಿತು. ಆ ಕೆಲಸದ ಕಥೆ ಇದು.

ಕೆಲಸ ಇದ್ದದ್ದು ಚಾಮರಾಜಪೇಟೆಯಲ್ಲಿ. ಸುಭದ್ರಮ್ಮ ಎಂಬ ನಿವೃತ್ತ ಹೈಸ್ಕೂಲ್ ಮೇಡಂ ತಮ್ಮ ಸ್ವಂತ ಮನೆಯಲ್ಲೇ ಎರಡು ವರ್ಷದಿಂದ ಶಿಶುವಿಹಾರ ನಡೆಸುತ್ತಿದ್ದರು. ಮುಂದಿನ ಭಾಗದಲ್ಲಿ ಅವರ ವಾಸ, ಹಿಂದಿನ ಮೂರು ಕೋಣೆಗಳಲ್ಲಿ ಮಕ್ಕಳು. ಆ ವರ್ಷ ಜೂನ್‌ನಿಂದ ಒಂದನೇ ತರಗತಿ ತೆರೆಯಬೇಕೆಂದು ಅವರ ಆಸೆ. ಅದಕ್ಕೆ ಇಲಾಖೆಯ ಮಾನ್ಯತೆ ಬೇಕು. ಮಾನ್ಯತೆಗೆ ಮೊದಲು ಇನ್‌ಸ್ಪೆಕ್ಷನ್: ಗಾಳಿ ಬೆಳಕು ಇದೆಯೇ, ಶೌಚಾಲಯ ಇದೆಯೇ, ಗೋಡೆಗಳು ಶುಭ್ರವಾಗಿ ಒಣಗಿವೆಯೇ ಎಂದು ಇನ್‌ಸ್ಪೆಕ್ಟರ್ ಬಂದು ನೋಡುತ್ತಾರೆ. ಮೇ 28ನೇ ತಾರೀಖು ಸೋಮವಾರ ಬರುವುದಾಗಿ ಕಾಗದ ಬಂದಿತ್ತು. ಒಂದನೇ ತರಗತಿಗೆ ಆಗಲೇ ಹತ್ತೊಂಬತ್ತು ಮಕ್ಕಳು ಹೆಸರು ಕೊಟ್ಟಾಗಿತ್ತು.

"ನೋಡಿ, ಇಪ್ಪತ್ತೆಂಟಕ್ಕೆ ಬಂದವರು ಇಲ್ಲ ಅಂದುಬಿಟ್ರೆ ಆಮೇಲೆ ಬರೋದು ಮುಂದಿನ ವರ್ಷಾನೇ" ಎಂದರು ಮೇಡಂ. "ಮಕ್ಕಳನ್ನ ಅಷ್ಟು ದಿನ ಪೆಟ್ಟಿಗೆಯಲ್ಲಿಟ್ಟು ಕಾಯೋಕಾಗಲ್ಲ."

"ಇಪ್ಪತ್ತನೇ ತಾರೀಖಿಗೇ ಕೀ ಕೊಡ್ತೀನಿ ಮೇಡಂ" ಎಂದೆ. ಆ ಮಾತನ್ನು ಅಷ್ಟು ಧೈರ್ಯವಾಗಿ ಹೇಳಲು ಕಾರಣ, ನನ್ನ ಬಳಿ ಬೆಂಗಳೂರಿನ ಅತ್ಯುತ್ತಮ ಬಣ್ಣದವರಿಬ್ಬರಿದ್ದರು. ಅವರು ತಂದೆ ಮಗ. ಅದೇ ತೊಂದರೆ.

ತಂದೆ ಚಿನ್ನಪ್ಪ. ವಯಸ್ಸು ಅರವತ್ತರ ಹತ್ತಿರ. ಸುಣ್ಣದಲ್ಲಿ ಅವರನ್ನು ಮೀರಿಸುವವರನ್ನು ನಾನು ನೋಡಿಲ್ಲ. ಸುಟ್ಟ ಸುಣ್ಣವನ್ನು ತಾವೇ ತಂದು, ತೊಟ್ಟಿಯಲ್ಲಿ ಅರಳಿಸಿ, ಹಳೇ ಪಂಚೆಯಲ್ಲಿ ಸೋಸಿ, ಗೋಂದು ಬೆರೆಸಿ, ನಾರಿನ ಕುಂಚದಲ್ಲಿ ಅವರು ಮೂರು ಕೋಟು ಹೊಡೆದರೆ ಗೋಡೆ ಹಾಲಿನ ಕೆನೆಯ ಹಾಗೆ ಕಾಣುತ್ತಿತ್ತು. ಮಗ ನಾಗರಾಜ, ಮೂವತ್ತೆರಡು ವರ್ಷ. ಅವನು ಡಿಸ್ಟೆಂಪರಿನವನು. ಗೋಡೆಯನ್ನು ಕೆರೆದು, ಉಜ್ಜುಕಾಗದ ಹಾಕಿ, ಸೀಮೆಸುಣ್ಣದ ಪುಡಿ ಮತ್ತು ಅಂಟು ಕಲಸಿದ ಪಟ್ಟಿ ಮೆತ್ತಿ, ನಯ ಮಾಡಿ, ಡಬ್ಬಿಯಿಂದ ಬಣ್ಣ ತೆಗೆದು ಹಚ್ಚುವ ಹೊಸ ಕಾಲದ ಕೆಲಸ. ಅವನ ಗೋಡೆಯ ಮೇಲೆ ಕೈಯಾಡಿಸಿದರೆ ಬೆಣ್ಣೆ ಸವರಿದ ಹಾಗೆ.

ಇಬ್ಬರೂ ಗವಿಪುರದ ಒಂದೇ ಮನೆಯಲ್ಲಿ ಇರುತ್ತಿದ್ದರು. ಒಂದೇ ಅಡುಗೆ. ಆದರೆ ಕೆಲಸದ ವಿಷಯ ಬಂದರೆ ಹಾವು ಮುಂಗುಸಿ. ಅಪ್ಪನಿಗೆ ಡಿಸ್ಟೆಂಪರ್ ಎಂದರೆ "ಗೋಡೆಗೆ ಪೌಡರ್ ಹಾಕೋದು". ಮಗನಿಗೆ ಸುಣ್ಣ ಎಂದರೆ "ದನದ ಕೊಟ್ಟಿಗೆ ಕೆಲ್ಸ". ಜಗಳ ತಾರಕಕ್ಕೇರಿ ಒಮ್ಮೆ ಊಟದ ತಟ್ಟೆ ಹಾರಿದ ಮೇಲೆ, ಚಿನ್ನಪ್ಪನವರ ಹೆಂಡತಿ ಗೌರಮ್ಮ ಒಂದು ಕಾನೂನು ತಂದಿದ್ದರು: ಹೊಸ್ತಿಲೊಳಗೆ ಸುಣ್ಣ ಅಥವಾ ಡಿಸ್ಟೆಂಪರ್ ಎಂಬ ಮಾತೆತ್ತಿದವರಿಗೆ ಆ ಹೊತ್ತಿನ ಮುದ್ದೆ ಇಲ್ಲ. ಅಂದಿನಿಂದ ಮನೆಯಲ್ಲಿ ಶಾಂತಿ ನೆಲೆಸಿತ್ತು.

ಈಗ ನನ್ನ ಬುದ್ಧಿವಂತಿಕೆಗೆ ಬರೋಣ. ಹೊರಗಿನ ಗೋಡೆಗೆ ಸುಣ್ಣ, ಒಳಗೆ ಡಿಸ್ಟೆಂಪರ್ ಎಂದು ಮೇಡಂ ಹತ್ತಿರ ಒಪ್ಪಿಯಾಗಿತ್ತು. ಇಬ್ಬರನ್ನೂ ಒಟ್ಟಿಗೆ ಕೂರಿಸಿ ರೇಟು ಮಾತಾಡಬಹುದಿತ್ತು. ಹಾಗೆ ಮಾಡಲಿಲ್ಲ. ಬೇರೆ ಬೇರೆಯಾಗಿ ಕರೆದೆ. ಚಿನ್ನಪ್ಪನವರನ್ನು ಗಾಂಧಿ ಬಜಾರಿನ ಹೋಟೆಲೊಂದಕ್ಕೆ ಕರೆದುಕೊಂಡು ಹೋಗಿ ಕಾಫಿ ಕೊಡಿಸಿ, "ಯಜಮಾನ್ರೇ, ನಿಮ್ಮ ಮಗ ಹೊರಗಿನದ್ದೂ ಸಿಮೆಂಟ್ ಪೇಂಟಲ್ಲಿ ತಾನೇ ಮಾಡಿಕೊಡ್ತೀನಿ ಅಂತಿದಾನೆ. ನನಗೇನೋ ಸುಣ್ಣವೇ ಇಷ್ಟ. ಸ್ವಲ್ಪ ನೋಡ್ಕೊಂಡು ಹೇಳಿ" ಎಂದೆ. ಮುದುಕರು ಕಾಫಿ ಲೋಟವನ್ನು ಕೆಳಗಿಟ್ಟರು. ಮುಖ ಕೆಂಪಾಯಿತು. ನಾನು ಬಯಸಿದ ರೇಟಿಗಿಂತ ಒಂದು ಮೆಟ್ಟಿಲು ಕೆಳಗೇ ಹೇಳಿದರು.

ಮಾರನೆಯ ದಿನ ಅದೇ ಹೋಟೆಲು, ಅದೇ ಮೇಜು. ನಾಗರಾಜನಿಗೆ, "ನಿಮ್ಮಪ್ಪ ಒಳಗಿನದ್ದೂ ಸುಣ್ಣದಲ್ಲೇ ಮುಗಿಸ್ತೀನಿ, ಡಿಸ್ಟೆಂಪರ್ ದಂಡ ಅಂತಿದಾರಪ್ಪ" ಎಂದೆ. ಅವನೂ ಇಳಿದ.

ಅವರಿಬ್ಬರೂ ಅಂಥ ಮಾತು ಆಡಿರಲಿಲ್ಲ. ನಾನು ಹುಟ್ಟಿಸಿದ್ದು. ನಮ್ಮ ವ್ಯಾಪಾರದಲ್ಲಿ ಇದು ದಿನಾ ನಡೆಯುವ ಆಟ, ಪಾಪ ಎಂದು ಯಾರೂ ಎಣಿಸುವುದಿಲ್ಲ. ಮನೆಯಲ್ಲಿ ಕೆಲಸದ ಮಾತೆತ್ತುವ ಹಾಗಿಲ್ಲವಾದ್ದರಿಂದ ಸುಳ್ಳು ಬಯಲಾಗುವ ಭಯವೂ ಇರಲಿಲ್ಲ. ಅದರ ಮೇಲೆ ಇನ್ನೊಂದು ಭದ್ರತೆ ಮಾಡಿಕೊಂಡೆ. ಇಬ್ಬರಿಗೂ ಬೇರೆ ಬೇರೆ ವೇಳೆ ಗೊತ್ತುಮಾಡಿದೆ. ಅಪ್ಪ ಬೆಳಿಗ್ಗೆ ಆರರಿಂದ ಹತ್ತು, ಮತ್ತೆ ಸಂಜೆ ಆರರ ಮೇಲೆ. ಮಗ ಹನ್ನೊಂದರಿಂದ ಐದೂವರೆ. ಇಬ್ಬರಿಗೂ ಒಂದೇ ಎಚ್ಚರಿಕೆ: "ಅವರ ಕೆಲಸದ ಕಡೆ ನೀವು ತಲೆ ಹಾಕಬೇಡಿ. ಜಗಳ ಆದ್ರೆ ಇಬ್ಬರನ್ನೂ ಕಳಿಸಿಬಿಡ್ತೀನಿ." ಮುಖಾಮುಖಿಯಾಗುವುದೇ ಇಲ್ಲ, ಜಗಳವೂ ಇಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೇ 3ಕ್ಕೆ ಕೆಲಸ ಶುರುವಾಯಿತು. ಮುಂದಿನ ಭಾಗದ ಗೋಡೆಗಳೆಲ್ಲ ಹಳೆಯ ಕಾಲದ್ದು, ಕೋಟೆಯ ಹಾಗೆ ದಪ್ಪ. ಹಿಂದಿನ ಮೂರು ಕೋಣೆಗಳು ಆಮೇಲೆ ಸೇರಿಸಿದ್ದು. ಅದರಲ್ಲಿ ಕೊನೆಯ ಕೋಣೆಯ ಉತ್ತರದ ಗೋಡೆ ಬರೀ ಒಂಬತ್ತು ಇಂಚು, ಮಣ್ಣಿನ ಗಾರೆಯಲ್ಲಿ ಕಟ್ಟಿದ್ದು. ಒಂದನೇ ತರಗತಿಗೆ ಗೊತ್ತಾಗಿದ್ದ ಕೋಣೆ ಅದೇ. ಆ ಗೋಡೆಯ ಹೊರಮೈಯಲ್ಲಿ ಎಂಟಡಿ ಅಗಲ, ಐದಡಿ ಎತ್ತರಕ್ಕೆ ಹಳೇ ಗಾರೆ ಉದುರಿಹೋಗಿತ್ತು. ಚಿನ್ನಪ್ಪನವರು ಅದನ್ನು ಇಟ್ಟಿಗೆ ಕಾಣುವವರೆಗೆ ಕೆರೆದು, 6ನೇ ತಾರೀಖು ಹೊಸ ಸುಣ್ಣದ ಗಾರೆ ಮೆತ್ತಿದರು.

ಇಲ್ಲಿ ಒಂದು ವಿಷಯ ಹೇಳಬೇಕು. ಸುಣ್ಣದ ಗಾರೆ ಬೇಗ ಒಣಗಬಾರದು. ಒಣಗಿದರೆ ಬಿರುಕು ಬಿಡುತ್ತದೆ, ಪುಡಿಯಾಗುತ್ತದೆ. ಹತ್ತು ದಿನವಾದರೂ ಅದನ್ನು ಒದ್ದೆಯಾಗಿ ಇಡಬೇಕು. ಅದರ ಮೇಲೆ ಸುಣ್ಣ ಹೊಡೆಯುವಾಗಲೂ ಪ್ರತಿ ಕೋಟಿನ ಮುಂಚೆ, ಆಮೇಲೆ, ಗೋಡೆಗೆ ನೀರು ಚಿಮುಕಿಸಬೇಕು. "ಸುಣ್ಣ ಬಾಣಂತಿ ಇದ್ದಂಗೆ ಸ್ವಾಮಿ, ಆರೈಕೆ ಮಾಡ್ಬೇಕು" ಎನ್ನುತ್ತಿದ್ದರು ಚಿನ್ನಪ್ಪ. ಡಿಸ್ಟೆಂಪರಿನ ಸ್ವಭಾವ ಇದಕ್ಕೆ ತೀರ ಉಲ್ಟಾ. ಗೋಡೆಯಲ್ಲಿ ಹನಿ ತೇವ ಇದ್ದರೂ ಅದು ಹಿಡಿಯುವುದಿಲ್ಲ. ಈ ಎರಡು ವಿಷಯಗಳೂ ನನಗೆ ಚೆನ್ನಾಗಿ ಗೊತ್ತಿದ್ದವು. ಬೇರೆ ಬೇರೆಯಾಗಿ ಗೊತ್ತಿದ್ದವು.

ನಾಗರಾಜ ಮೊದಲೆರಡು ಕೋಣೆಗಳನ್ನು ಚೆನ್ನಾಗಿ ಮುಗಿಸಿದ. 11ಕ್ಕೆ ಕೊನೆಯ ಕೋಣೆಗೆ ಬಂದ. ಸುಣ್ಣ ಒಳಗೆ ಸಿಡಿಯದಿರಲಿ ಎಂದು ಕಿಟಕಿಗಳನ್ನು ಮುಚ್ಚಿ ಗಾಜಿಗೆಲ್ಲ ನ್ಯೂಸ್‌ಪೇಪರ್ ಅಂಟಿಸಿದ. ಕೆರೆದ, ಪಟ್ಟಿ ಮೆತ್ತಿದ, 14ಕ್ಕೆ ತಿಳಿಹಸಿರು ಬಣ್ಣದ ಮೊದಲ ಕೋಟು ಹಚ್ಚಿದ. 16ನೇ ತಾರೀಖು ಮಧ್ಯಾಹ್ನ ನನ್ನ ಕೋಣೆಗೆ ಸೈಕಲ್ ತುಳಿದುಕೊಂಡು ಬಂದ.

"ಅಣ್ಣಾ, ಉತ್ತರದ ಗೋಡೆ ಬೊಬ್ಬೆ ಎದ್ದಿದೆ."

ಹೋಗಿ ನೋಡಿದರೆ ನಿಜ. ಅಂಗೈಯಗಲದ ಗುಳ್ಳೆಗಳು. ಬೆರಳಿನಲ್ಲಿ ಒತ್ತಿದರೆ ಬಣ್ಣವೂ ಪಟ್ಟಿಯೂ ಸೇರಿ ದೋಸೆಯ ಹಾಗೆ ಎದ್ದು ಬರುತ್ತಿತ್ತು. ಹಿಂದೆ ತೇವ. ಗೋಡೆಯ ಆಚೆ ಬದಿಯಲ್ಲಿ ಏನು ನಡೆಯುತ್ತಿದೆ ಎಂದು ಆಗಲೇ ಯೋಚಿಸಬೇಕಿತ್ತು. ನನ್ನ ತಲೆ ಹೋದದ್ದು ನಲ್ಲಿಯ ಕಡೆಗೆ. ಆ ಗೋಡೆಯ ಬುಡದಲ್ಲೇ ಬಚ್ಚಲಿನ ಪೈಪು ಹಾದುಹೋಗಿತ್ತು. ಪ್ಲಂಬರನ್ನು ಕರೆಸಿದೆ. ಅವನು ಎರಡು ದಿನ ನೆಲ ಅಗೆದ. ಪೈಪು ಹನಿಯಷ್ಟೂ ಸೋರುತ್ತಿರಲಿಲ್ಲ. "ಪೈಪು ನಿಮಗಿಂತ ಗಟ್ಟಿಯಾಗಿದೆ ಸಾರ್" ಎಂದು ಹೇಳಿ ಕೂಲಿ ತೆಗೆದುಕೊಂಡು ಹೋದ. ಮೇಡಂ ಅಂಗಳದ ಗುಂಡಿಯನ್ನು ನೋಡಿದರು, ನನ್ನನ್ನು ನೋಡಿದರು.

ಎರಡು ದಿನ ಹಾಳು. 19ಕ್ಕೆ ನಾಗರಾಜ ಮತ್ತೆ ಕೇಳಿದ: "ಗೋಡೆ ತಾನಾಗಿ ಒಣಗೋ ಹಂಗೆ ಕಾಣಲ್ಲ. ಬಾಂಡ್ಲಿಯಲ್ಲಿ ಇದ್ದಲು ಕೆಂಡ ಇಟ್ಟು ಕಾಯಿಸ್ಲಾ?"

"ಇಡು. ಇದ್ದಲು ನಾನು ಕೊಡಿಸ್ತೀನಿ" ಎಂದೆ. ತಕ್ಷಣ ತೀರ್ಮಾನ ಕೊಡುವುದು ನಾಯಕನ ಲಕ್ಷಣ ಎಂದು ಎಲ್ಲೋ ಕೇಳಿದ್ದೆ. ಅವನು ಗೋಡೆಯ ಉದ್ದಕ್ಕೂ ನಾಲ್ಕು ಕಬ್ಬಿಣದ ಬಾಂಡ್ಲಿ ಇಟ್ಟು, ಹೊಗೆ ಹೋಗಲು ಅಂಗಳದ ಕಡೆಯ ಬಾಗಿಲೊಂದನ್ನು ತೆರೆದಿಟ್ಟು, ಕೆಂಡ ಹಾಕಿದ. ಐದೂವರೆಗೆ ಹೊರಡುವಾಗ ಬೂದಿ ಮುಚ್ಚಿ ಹೋಗುತ್ತಿದ್ದ, ಕಾವು ಬೆಳಗಿನವರೆಗೂ ಉಳಿಯಲಿ ಎಂದು.

20ರ ಬೆಳಿಗ್ಗೆ ಚಿನ್ನಪ್ಪನವರು ಬಂದರು. ಅವರ ಮುಖದಲ್ಲಿ ಚಿಂತೆ. ಅಂಗೈ ತೋರಿಸಿದರು, ಬೆಳ್ಳಗೆ ಪುಡಿ.

"ಸುಣ್ಣ ಕೈಗೆ ಬರ್ತಿದೆ ಸ್ವಾಮಿ. ನಲವತ್ತು ವರ್ಷದಲ್ಲಿ ನನ್ನ ಕೈ ಸುಣ್ಣ ಪುಡಿ ಆಗಿದ್ದಿಲ್ಲ. ಗೋಡೆ ನೀರು ಹಿಡ್ಕೊಳ್ತಾನೇ ಇಲ್ಲ. ಇವತ್ತು ಬೆಳಿಗ್ಗೆ ಆರು ಗಂಟೆಗೇ ಮುಟ್ಟಿದ್ರೆ ಬೆಚ್ಚಗಿತ್ತು, ಜ್ವರ ಬಂದಂಗೆ."

"ಬೇಸಿಗೆ ಅಲ್ವಾ ಯಜಮಾನ್ರೇ."

"ಉತ್ತರದ ಗೋಡೆ. ಬಿಸಿಲೇ ಬೀಳಲ್ಲ."

ಓದುಗರೇ, ಆ ಮುದುಕರು ಉತ್ತರವನ್ನು ನನ್ನ ಕೈಗೇ ಇಟ್ಟಿದ್ದರು. ನಾನು ಏನೆಂದೆ ಗೊತ್ತೇ? "ಹಂಗಾದ್ರೆ ಇನ್ನೊಂದೆರಡು ಕೊಡ ಜಾಸ್ತಿ ಹಾಕಿ" ಎಂದೆ.

ಅವರು ಹಾಕಿದರು. ಗೋಡೆ ಇನ್ನಷ್ಟು ಒದ್ದೆಯಾಯಿತು. ಮಧ್ಯಾಹ್ನ ಮಗ ಬಂದು ಮುಟ್ಟಿ ನೋಡಿದ. ಹೊರಗಿನ ಮೈ ಅಷ್ಟು ಹೊತ್ತಿಗೆ ಆರಿದಂತೆ ಕಾಣುತ್ತಿತ್ತು, ಒಳಗಿನ ಮೈ ಮಾತ್ರ ತಣ್ಣಗೆ ಬೆವರುತ್ತಿತ್ತು. ಅವನು ಇನ್ನೆರಡು ಬಾಂಡ್ಲಿ ಸೇರಿಸಿದ. ಮರುದಿನ ಬೆಳಿಗ್ಗೆ ಗೋಡೆಯ ಜ್ವರ ಏರಿತ್ತು. ಅಪ್ಪ ಇನ್ನೆರಡು ಕೊಡ ಸೇರಿಸಿದರು. ಹೀಗೆ ಮೂರು ದಿನ. ಇಬ್ಬರಿಗೂ ನನ್ನ ಪೂರ್ತಿ ಬೆಂಬಲ ಇತ್ತು.

22ನೇ ತಾರೀಖು ಮಂಗಳವಾರ ಹನ್ನೊಂದಕ್ಕೆ ಸ್ವಲ್ಪ ಮುಂಚೆ ನಾನು ಅಲ್ಲಿಗೆ ಹೋದೆ. ಅಪ್ಪ ಹೋಗಿಯಾಗಿತ್ತು, ಮಗ ಬಂದಿರಲಿಲ್ಲ. ಕೋಣೆಯೊಳಗೆ ಉತ್ತರದ ಗೋಡೆಯ ಮೇಲೆ ನಾಗರಾಜ ಎರಡನೇ ಸಲ ಹಚ್ಚಿದ್ದ ಪಟ್ಟಿಯೂ ಬಾಯಿ ಬಿಟ್ಟು ನಿಂತಿತ್ತು. ನನಗೆ ಅಳು ಬರುವುದೊಂದು ಬಾಕಿ. ಬಾಗಿಲಲ್ಲಿ ಸುಭದ್ರಮ್ಮ ಮೇಡಂ ಬಂದು ನಿಂತರು.

"ಮೇಡಂ, ಈ ಗೋಡೆಗೆ ಏನೋ ಶಾಪ ಇದೆ" ಎಂದೆ.

"ಶಾಪವೋ ಏನೋ ಗೊತ್ತಿಲ್ಲ" ಎಂದರು ಅವರು. "ಬೆಳಿಗ್ಗೆ ಅಪ್ಪ ಬಂದು ಆ ಕಡೆಯಿಂದ ನೀರು ಹಾಕ್ತಾರೆ. ಮಧ್ಯಾಹ್ನ ಮಗ ಬಂದು ಈ ಕಡೆಯಿಂದ ಬೆಂಕಿ ಹಾಕ್ತಾನೆ. ಸಂಜೆ ಮತ್ತೆ ಅಪ್ಪ ಬಂದು ನೀರು. ಮೂರು ದಿನದಿಂದ ನೋಡ್ತಾ ಇದೀನಿ. ಇದು ನಿಮ್ಮ ಕಸುಬಿನ ಪದ್ಧತಿ ಇರಬೇಕು ಅಂದುಕೊಂಡು ಸುಮ್ಮನಿದ್ದೆ."

ನಾನು ಹೊರಗೆ ಓಡಿ ಗೋಡೆ ಮುಟ್ಟಿದೆ. ಒಳಗೆ ಬಂದು ಮುಟ್ಟಿದೆ. ಒಂಬತ್ತು ಇಂಚಿನ ಮಣ್ಣುಗಾರೆಯ ಗೋಡೆ, ಹೊರಗೆ ಇಟ್ಟಿಗೆಯವರೆಗೂ ಕೆರೆದದ್ದು, ಹದಿನೈದು ದಿನದಿಂದ ದಿನಕ್ಕೆರಡು ಸಲ ನೀರು ಕುಡಿದದ್ದು. ಒಳಗೆ ತೇವ ಬರದೆ ಇನ್ನೇನು ಬರುತ್ತದೆ? ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ಇನ್‌ಸ್ಪೆಕ್ಷನ್ನಿಗೆ ಉಳಿದದ್ದು ಆರು ದಿನ.

ಅಂದು ಮಧ್ಯಾಹ್ನವೇ ಇಬ್ಬರನ್ನೂ ಒಟ್ಟಿಗೆ ಕರೆಸಿದೆ. ಆ ಕೆಲಸದಲ್ಲಿ ಅಪ್ಪ ಮಗ ಒಂದೇ ಹೊತ್ತಿಗೆ ಒಂದೇ ಕಡೆ ನಿಂತದ್ದು ಅದೇ ಮೊದಲು. ಮೇಡಂ ಮೆಟ್ಟಿಲ ಮೇಲೆ ಕುಳಿತಿದ್ದರು. ನಾನು ವಿಷಯ ಹೇಳಿ ಮುಗಿಸುವ ಮೊದಲೇ ಬೆಂಕಿ ಹತ್ತಿತು.

"ಗೋಡೆಗೆ ಕೆಂಡ ಇಡ್ತಾರೇನೋ? ಗೋಡೆ ಏನು ಹೋಳಿಗೆ ಹೆಂಚಾ?" ಎಂದರು ಚಿನ್ನಪ್ಪ.

"ನೀನು ಕೊಡಗಟ್ಲೆ ನೀರು ಸುರಿದ್ರೆ ಇನ್ನೇನು ಮಾಡ್ಲಿ? ಗೋಡೆ ತೊಳೀತಿದ್ಯೋ, ಎಮ್ಮೆ ತೊಳೀತಿದ್ಯೋ?"

"ಹೊಗೆ ವಾಸನೆ ನಂಗೆ ಬಂದಿತ್ತು ಕಣೋ. ಕೇಳ್ಬಾರ್ದು ಅಂತ ಸುಮ್ಮನಿದ್ದೆ."

"ಆಚೆ ನೀರು ಬೀಳೋದು ನಂಗೂ ಗೊತ್ತಿತ್ತು. ಸುಣ್ಣಕ್ಕೆ ನೀರು ಬೇಕಲ್ಲ. ಇಷ್ಟೊಂದು ಅಂತ ಗೊತ್ತಿರ್ಲಿಲ್ಲ."

"ಗೊತ್ತಿದ್ರೆ ಕೇಳ್ಬೇಕಾಗಿತ್ತು!"

"ನಿನ್ನ ಹತ್ರ ಏನು ಕೇಳೋದು? ನನ್ನ ಕೆಲ್ಸಾನೇ ಕಿತ್ಕೊಳ್ಳೋಕೆ ನೋಡ್ದೋನು ನೀನು. ಒಳಗಿಂದೂ ಸುಣ್ಣದಲ್ಲೇ ಮುಗಿಸ್ತೀನಿ ಅಂದ್ಯಂತಲ್ಲ."

ಚಿನ್ನಪ್ಪನವರ ಕೈ ಗಾಳಿಯಲ್ಲೇ ನಿಂತಿತು. "ನಾನಾ? ನಾನ್ಯಾವಾಗ ಅಂದೆ? ನೀನಲ್ವಾ ಹೊರಗಿಂದು ಸಿಮೆಂಟ್ ಪೇಂಟಲ್ಲಿ ಮಾಡ್ತೀನಿ ಅಂದಿದ್ದು?"

"ನಾನ್ಯಾಕಪ್ಪಾ ಅನ್ಲಿ?"

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಮುಖದಲ್ಲಿ ಒಂದೇ ಗಂಟು, ಹುಬ್ಬಿನಲ್ಲಿ ಒಂದೇ ಮಡಿಕೆ. ತಂದೆ ಮಗ ಅಷ್ಟು ಹೋಲುತ್ತಾರೆಂದು ನಾನು ಅಲ್ಲಿಯವರೆಗೆ ಗಮನಿಸಿರಲಿಲ್ಲ. ನಾನು ಏನೋ ಹೇಳಲು ಹೋದೆ, ವ್ಯಾಪಾರ ಅಂದಮೇಲೆ ಇದೆಲ್ಲ ಇರುತ್ತೆ ಎಂದೇನೋ.

ಚಿನ್ನಪ್ಪನವರು ತುಂಬ ನಿಧಾನವಾಗಿ ಹೇಳಿದರು. "ಸ್ವಾಮಿ, ರೇಟು ಇಳಿಸು ಅಂದಿದ್ರೆ ಇಳಿಸ್ತಿದ್ದೆ. ಮಗನ್ನ ಯಾಕೆ ಮಧ್ಯೆ ತಂದ್ರಿ?"

ಮೇಡಂ ಎದ್ದು ಒಳಗೆ ಹೋದರು.

ಆಮೇಲೆ ನಡೆದದ್ದರಲ್ಲಿ ನನ್ನದೇನೂ ಪಾತ್ರವಿಲ್ಲ. ಇಬ್ಬರೂ ಗೋಡೆಯ ಹತ್ತಿರ ಹೋಗಿ ಮುಟ್ಟಿ, ತಟ್ಟಿ, ಉಗುರಿನಿಂದ ಕೆರೆದು ನೋಡಿ ಮಾತಾಡಿಕೊಂಡರು. ನಾನು ಅಲ್ಲಿ ಇಲ್ಲವೇನೋ ಎಂಬಂತೆ. ಒಣಗಲು ಎಷ್ಟು ದಿನ ಬೇಕೆಂದು ಮಗ ಕೇಳಿದ. ಕಡಿಮೆ ಅಂದರೂ ಇಪ್ಪತ್ತು ದಿನ ಎಂದರು ಅಪ್ಪ. ನೀರು ಈಗಲೇ ನಿಲ್ಲಿಸಿದರೆ ಗಾರೆ ಉಳಿಯುತ್ತದೆಯೇ ಎಂದು ಕೇಳಿದ. ಅರ್ಧ ಉಳಿಯುತ್ತೆ ಎಂದರು. ಕೊನೆಗೆ ಅವರ ತೀರ್ಮಾನ: ನೀರೂ ಬೇಡ, ಬೆಂಕಿಯೂ ಬೇಡ, ಕಿಟಕಿ ಬಾಗಿಲು ತೆರೆದಿಡುವುದು, ಒಳಮೈಯ ಡಿಸ್ಟೆಂಪರ್ ಪೂರ್ತಿ ಕೆರೆದುಹಾಕಿ ಅಲ್ಲಿಯೂ ತೆಳುವಾಗಿ ಸುಣ್ಣವನ್ನೇ ಹೊಡೆಯುವುದು. ತೇವ ಹೊರಗೆ ಹೋಗಲು ಸುಣ್ಣವಾದರೆ ದಾರಿ ಬಿಡುತ್ತದೆ. ಐದು ದಿನ ನಾಗರಾಜ ತಂದೆಯ ಪಕ್ಕ ನಿಂತು, ತಾನು ಕೊಟ್ಟಿಗೆ ಕೆಲಸ ಎಂದು ಹಂಗಿಸುತ್ತಿದ್ದ ಕೆಲಸವನ್ನು ಬಾಯಿ ಮುಚ್ಚಿಕೊಂಡು ಮಾಡಿದ. ಅಪ್ಪನೂ ಒಂದು ಚುಚ್ಚುಮಾತು ಆಡಲಿಲ್ಲ. ನಾನು ಕಾಫಿ ತರಿಸಿದರೆ ಇಬ್ಬರೂ ಕುಡಿಯಲಿಲ್ಲ.

28ರ ಬೆಳಿಗ್ಗೆ ಹತ್ತೂವರೆಗೆ ಇನ್‌ಸ್ಪೆಕ್ಟರ್ ಬಂದರು. ಸಂಭಾವಿತ ಮನುಷ್ಯ, ಆತುರವಿಲ್ಲದವರು. ಮೊದಲೆರಡು ಕೋಣೆ ನೋಡಿ ತಲೆಯಾಡಿಸಿದರು. ಮೂರನೆಯದರಲ್ಲಿ ಉತ್ತರದ ಗೋಡೆಯ ಮುಂದೆ ನಿಂತರು. ದೂರದಿಂದ ನೋಡಿದರೆ ಬೆಳ್ಳಗೇ ಇತ್ತು. ಅಲ್ಲಲ್ಲಿ ಮೋಡದಂತೆ ಬೂದು ಛಾಯೆ. ಅವರು ಅಂಗೈಯನ್ನು ಗೋಡೆಗೆ ಒತ್ತಿ ಹಿಡಿದರು. ಕೈ ತೆಗೆದು, ಬೆರಳುಗಳನ್ನು ಒಂದಕ್ಕೊಂದು ಉಜ್ಜಿ, ಮೂಸಿ ನೋಡಿದರು.

"ಮೇಡಂ, ಈ ಕೋಣೆಯಲ್ಲಿ ಐದು ವರ್ಷದ ಮಕ್ಕಳನ್ನ ದಿನವಿಡೀ ಕೂರಿಸಿದ್ರೆ ಮಳೆಗಾಲದಲ್ಲಿ ಎಲ್ಲರಿಗೂ ಕೆಮ್ಮು ಬರುತ್ತೆ. ಎರಡು ಕೋಣೆಗೆ ಬರೀತೀನಿ. ಇದಕ್ಕೆ ಈ ವರ್ಷ ಆಗಲ್ಲ."

ಮೇಡಂ ವಾದಿಸಲಿಲ್ಲ. "ಸರಿ ಸಾರ್, ನೀವು ಹೇಳೋದು ಸರಿಯಾಗೇ ಇದೆ" ಎಂದರು. ಇದ್ದ ಎರಡು ಕೋಣೆಗಳು ಶಿಶುವಿಹಾರದ ಪುಟಾಣಿಗಳಿಗೇ ಬೇಕು. ಒಂದನೇ ತರಗತಿ ಹೋಯಿತು.

ಇನ್‌ಸ್ಪೆಕ್ಟರ್ ಹೋದ ಮೇಲೆ ನಾನು ಕ್ಷಮೆ ಕೇಳಲು ಶುರುಮಾಡಿದೆ. ಗೋಡೆಯನ್ನು ನನ್ನ ಖರ್ಚಿನಲ್ಲೇ ಸರಿಮಾಡಿಕೊಡುತ್ತೇನೆ ಎಂದೆ. ಮೇಡಂ ಕೈಯೆತ್ತಿ ತಡೆದರು. "ಅದು ಆಮೇಲೆ. ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಬನ್ನಿ. ಹತ್ತೊಂಬತ್ತು ಮನೆಗೆ ಹೋಗಿ ಹೇಳಬೇಕು. ಇನ್ನೂ ಬೇರೆ ಸ್ಕೂಲುಗಳಲ್ಲಿ ಅಡ್ಮಿಷನ್ ಮುಗಿದಿಲ್ಲ. ನೀವು ನನ್ನ ಜೊತೆ ಬರ್ತೀರಿ."

ಚಾಮರಾಜಪೇಟೆಯ ರಸ್ತೆಗಳಲ್ಲಿ ಅಂದು ನಾನು ನಡೆದಷ್ಟು ಕಷ್ಟದಿಂದ ಎಂದೂ ನಡೆದಿಲ್ಲ. ಮೊದಲ ಮನೆ ಒಬ್ಬ ದರ್ಜಿಯದು. ಮಗಳ ಯೂನಿಫಾರಮ್ಮನ್ನು ಆಗಲೇ ಹೊಲಿದು ಮೊಳೆಗೆ ತೂಗುಹಾಕಿದ್ದ. ನಾನು ವಿಷಯ ಹೇಳಿದೆ. ಬಣ್ಣದವರು ಅಪ್ಪ ಮಗ, ಅವರಲ್ಲಿ ಹೊಂದಾಣಿಕೆ ಇಲ್ಲದೆ ಗೋಡೆ ಕೆಟ್ಟಿತು ಎಂದೆ.

"ಅಪ್ಪ ಮಗನ ಜಗಳದಲ್ಲಿ ನಮ್ಮ ಹುಡುಗಿ ಸ್ಕೂಲ್ ಹೋಯ್ತು ಅನ್ನಿ" ಎಂದ ಅವನು. "ಥೂ, ಮನೆಯಲ್ಲಿ ಜಗಳ ಆಡೋದು ಬಿಟ್ಟು ಕೆಲ್ಸದಲ್ಲಿ ಆಡ್ತಾರಾ? ಅಂಥೋರನ್ನ ಯಾಕ್ರೀ ಕರೀತೀರಾ?"

"ಏನು ಮಾಡೋದು" ಎಂದೆ ನಾನು.

ಎಷ್ಟು ಸಲೀಸಾಗಿ ನಂಬಿದ! ಎರಡನೇ ಮನೆಯಲ್ಲೂ ಅದನ್ನೇ ಹೇಳಿದೆ, ಅವರೂ ನಂಬಿದರು. ಮೂರನೇ ಮನೆಯ ಅಜ್ಜಿಯಂತೂ ನನ್ನನ್ನೇ ಸಮಾಧಾನ ಮಾಡಿ ಮಜ್ಜಿಗೆ ಕೊಟ್ಟರು. ನನ್ನ ಮಾತಿನಲ್ಲಿ ಸುಳ್ಳು ಎಂದು ಬೆರಳಿಟ್ಟು ತೋರಿಸುವಂಥದ್ದು ಏನೂ ಇರಲಿಲ್ಲ. ಅಪ್ಪ ಮಗನಿಗೆ ಹೊಂದಾಣಿಕೆ ಇಲ್ಲದ್ದು ನಿಜ, ಗೋಡೆ ಕೆಟ್ಟದ್ದು ನಿಜ. ಇಂಥ ನಿಜಗಳನ್ನು ಜೋಡಿಸುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿತ್ತು.

ಮೂರನೇ ಮನೆಯ ಗೇಟು ದಾಟಿದ ಮೇಲೆ ಮೇಡಂ ನಿಂತರು. ಕೊಡೆಯ ತುದಿಯನ್ನು ನೆಲಕ್ಕೆ ಊರಿದರು.

"ಇನ್ನೂ ಹದಿನಾರು ಮನೆ ಇದೆ. ಆದದ್ದನ್ನ ಆದ ಹಾಗೆ ಹೇಳೋದಾದ್ರೆ ಬನ್ನಿ. ಇಲ್ಲದೇ ಹೋದ್ರೆ ಇಲ್ಲಿಂದಲೇ ಮನೆಗೆ ಹೋಗಿ. ಆ ಇಬ್ಬರ ಹೆಸರು ಹಾಳು ಮಾಡೋಕೆ ನಿಮ್ಮನ್ನ ಕರ್ಕೊಂಡು ಬಂದಿಲ್ಲ."

ಹೋಗಿಬಿಡೋಣ ಎನ್ನಿಸಿತು, ನಿಜ ಹೇಳುತ್ತೇನೆ. ಬಸ್ ಸ್ಟಾಪು ಎದುರಿಗೇ ಇತ್ತು. ಆ ಬೀದಿಗಳಲ್ಲೇ ನನ್ನ ವ್ಯಾಪಾರ, ಆ ಮನೆಗಳ ಸುಣ್ಣಬಣ್ಣವೇ ನನ್ನ ಅನ್ನ. ಅವರ ಬಾಗಿಲಲ್ಲಿ ನಿಂತು ನಾನು ಸುಳ್ಳ ಎಂದು ಸಾರಿಕೊಂಡು ಬರಬೇಕೇ? ಮೇಡಂ ನನಗಾಗಿ ಕಾಯದೆ ನಡೆಯತೊಡಗಿದರು. ನಾನು ಹಿಂದೆ ಹೋದೆ. ನಾಲ್ಕನೇ ಮನೆಯ ಯಜಮಾನರು ಪ್ರೆಸ್ಸೊಂದರಲ್ಲಿ ಅಚ್ಚುಮೊಳೆ ಜೋಡಿಸುವವರು. ಬಾಗಿಲು ತೆರೆದರು. "ಸಾರ್, ನಾನು ಕಂಟ್ರಾಕ್ಟರು. ರೇಟು ಇಳಿಸೋಕೆ ಅಪ್ಪನಿಗೊಂದು ಮಗನಿಗೊಂದು ಸುಳ್ಳು ಹೇಳಿದೆ. ಅವರಿಬ್ಬರೂ ಮಾತಾಡೋದು ನಿಲ್ಲಿಸಿದ್ರು. ಗೋಡೆ ಕೆಟ್ಟಿತು. ತಪ್ಪು ಅವರದ್ದಲ್ಲ, ನನ್ನದು" ಎಂದೆ. ಅವರು "ಎಷ್ಟು ಇಳೀತು?" ಎಂದು ಕೇಳಿದರು. ಹೇಳಿದೆ. "ಇಷ್ಟಕ್ಕಾ?" ಎಂದರು. ಬೈದಿದ್ದರೆ ವಾಸಿಯಿತ್ತು.

ಹದಿನಾರು ಮನೆಗಳಲ್ಲೂ ಹೇಳಿದೆ. ಸಂಜೆ ನಾನೊಬ್ಬನೇ ಮೊದಲ ಮೂರು ಮನೆಗಳಿಗೂ ಮತ್ತೆ ಹೋಗಿ ಹೇಳಿಬಂದೆ. ಮಜ್ಜಿಗೆ ಕೊಟ್ಟ ಅಜ್ಜಿ ಈ ಸಲ ಒಳಗೆ ಕರೆಯಲಿಲ್ಲ. ಆ ಹತ್ತೊಂಬತ್ತರಲ್ಲಿ ಹನ್ನೆರಡು ಮಕ್ಕಳಿಗೆ ಬೇರೆ ಕಡೆ ಸೀಟು ಸಿಕ್ಕಿತು. ಏಳು ಮಕ್ಕಳು ಒಂದು ವರ್ಷ ಮನೆಯಲ್ಲೇ ಕುಳಿತರು.

ಮಳೆಗಾಲ ಕಳೆದು ಡಿಸೆಂಬರಿನಲ್ಲಿ ಗೋಡೆ ಪೂರ್ತಿ ಒಣಗಿದ ಮೇಲೆ ಚಿನ್ನಪ್ಪ, ನಾಗರಾಜ ಇಬ್ಬರೂ ನನ್ನ ಕೋಣೆಗೆ ಬಂದರು. ಒಂದೇ ಚೀಟಿ, ಒಂದೇ ರೇಟು, ಹಿಂದಿನದರ ಒಂದೂವರೆಪಟ್ಟು. ಅಭ್ಯಾಸಬಲದಿಂದ ನಾನು ಬಾಯಿ ತೆರೆದೆ. ಅಪ್ಪ ಮಗನ ಕಡೆ ನೋಡಿದರು, ಮಗ ಅಪ್ಪನ ಕಡೆ ನೋಡಿದ. ಬಾಯಿ ಮುಚ್ಚಿಕೊಂಡು ಒಪ್ಪಿದೆ. ಆ ಗೋಡೆ ಮುಗಿಸಿಕೊಟ್ಟ ಮೇಲೆ ಅವರು ನನ್ನ ಹತ್ತಿರ ಮತ್ತೆ ಕೆಲಸಕ್ಕೆ ಬರಲಿಲ್ಲ. ಅಂಥ ಕೈಗಳು ನನಗೆ ಆಮೇಲೆ ಸಿಗಲೂ ಇಲ್ಲ. ಮುಂದಿನ ಜೂನ್‌ನಲ್ಲಿ ಮೇಡಂ ಒಂದನೇ ತರಗತಿ ತೆರೆದರು.

ಇಪ್ಪತ್ತಾರು ವರ್ಷ ಕಂಟ್ರಾಕ್ಟು ಮಾಡಿ ಬಿಟ್ಟಿದ್ದೇನೆ. ಈಗಲೂ ಯಾರಾದರೂ ಮನೆ ಕಟ್ಟಿಸುವವರು ಸಿಕ್ಕರೆ ಬುದ್ಧಿ ಹೇಳದೆ ಬಿಡುವುದಿಲ್ಲ. ಚೌಕಾಸಿ ಮಾಡಿ ಎಂದೇ ಹೇಳುತ್ತೇನೆ, ಅದರಲ್ಲಿ ನಾಚಿಕೆ ಬೇಡ. ನಿಮ್ಮ ಕಷ್ಟ ಹೇಳಿಕೊಂಡು ಇಳಿಸಿ, ಎದ್ದು ಬಾಗಿಲವರೆಗೆ ಹೋಗಿ ಇಳಿಸಿ. ಒಬ್ಬ ಆಡದ ಮಾತನ್ನು ಇನ್ನೊಬ್ಬನ ಕಿವಿಗೆ ಹಾಕಿ ಮಾತ್ರ ಇಳಿಸಬೇಡಿ. ರೇಟೇನೋ ಇಳಿಯುತ್ತದೆ. ಆದರೆ ಒಂದೇ ಕಡೆ ಕೆಲಸ ಮಾಡುವ ಇಬ್ಬರು ಒಬ್ಬರನ್ನೊಬ್ಬರು ದಿನಕ್ಕೆ ಹತ್ತು ಸಲ ಏನೇನೋ ಕೇಳಿಕೊಳ್ಳುತ್ತಿರುತ್ತಾರೆ, ಆ ಕೇಳುವುದು ನಿಂತುಹೋಗುತ್ತದೆ. ಚಾಮರಾಜಪೇಟೆಯ ಆ ಗೋಡೆ ಉಳಿಯಲು ಮಗನಿಂದ ಒಂದೇ ಒಂದು ಮಾತು ಸಾಕಿತ್ತು: "ಅಪ್ಪಾ, ದಿನಕ್ಕೆ ಎಷ್ಟು ಕೊಡ ಹಾಕ್ತಿದೀಯ?" ಆ ಮಾತು ಅವನ ಬಾಯಿಗೆ ಬಾರದಂತೆ ಮಾಡಿದ್ದು ನಾನು.